ಮೊದಲ ತುತ್ತಿನ ನಾಯಿ

ನಮ್ಮ ಅತ್ತೆ ಹಾಲವ್ವ ಬಾಯಿ ತುಂಬ ನಗುವುದನ್ನು ನಾನು ಮೊದಲ ಸಲ ನೋಡಿದ್ದು ಮೊಬೈಲಿನಲ್ಲಿ. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಿದ್ದೇವೆ, ಒಮ್ಮೆಯೂ ಹಾಗೆ ನಕ್ಕವಳಲ್ಲ. ವಿಡಿಯೋದಲ್ಲಿ ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದಿದೆ. ಹಳದಿ ಬಣ್ಣದ ದಪ್ಪ ನಾಯಿಯೊಂದು ಅವಳ ಮೊಣಕಾಲ ಮೇಲೆ ಗದ್ದ ಊರಿ ಬಾಲ ಬಡಿಯುತ್ತಿದೆ. ಹಿಂದಿನಿಂದ ನನ್ನ ನೆಗೆಣ್ಣಿ ಐಶ್ವರ್ಯಳ ದನಿ: "ಅವ್ವಾ, ಪೇಡಾಗ ಶೇಕ್‌ಹ್ಯಾಂಡ್ ಕೊಡು!" ಅಡುಗೆಮನೆಯಲ್ಲಿ ನಿಂತು ಅದನ್ನು ಎಷ್ಟು ಸಲ ನೋಡಿದೆನೋ, ಬೇಳೆ ತಳ ಹತ್ತಿದ್ದು ಗೊತ್ತಾಗಲಿಲ್ಲ. ನನ್ನ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಹೆಸರಿಲ್ಲ.

ಹುನ್ನೂರಿನಲ್ಲಿ ನಮ್ಮದು ಒಂದೇ ಅಂಗಳದ ಎರಡು ಮನೆ. ದೊಡ್ಡ ಮಗ ನನ್ನ ಗಂಡ ಶಿವಯೋಗೆಪ್ಪ, ಸಣ್ಣವನು ಮೈದುನ ಯಲ್ಲಾಲಿಂಗ. ಮೈದುನನಿಗೆ ಐಶ್ವರ್ಯಳನ್ನು ತಂದ ಮೇಲೆ ಹೊಲ ಮನೆ ಪಾಲಾದವು, ಅಂಗಳದ ನಡುವೆ ಗೋಡೆ ಎದ್ದಿತು. ಗೋಡೆಯಲ್ಲಿ ಬಾಗಿಲಿಲ್ಲದ ಒಂದು ಕಂಡಿ ಬಿಡಲೇಬೇಕು ಎಂದು ಅತ್ತೆ ಹಟ ಹಿಡಿದಳು. ತನ್ನನ್ನೂ ತಾನೇ ಪಾಲು ಮಾಡಿಕೊಂಡಳು: ಈ ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ಒಬ್ಬ ಮಗನ ಮನೆ, ಆಮೇಲೆ ಇನ್ನೊಬ್ಬನದು. ಅಮಾವಾಸ್ಯೆಯ ಮರುದಿನ ಯಾರ ಪಾಳಿಯೋ ಆ ಮಗ ಹೋಗಿ ಅವಳ ಹಾಸಿಗೆ ಹೊತ್ತು ತರುತ್ತಾನೆ, ಅವಳು ಕೋಲೂರಿಕೊಂಡು ಹಿಂದೆ ಬರುತ್ತಾಳೆ. ಸೊಸೆಯರು ಕರೆಯುವ ಪದ್ಧತಿ ಇಲ್ಲ.

ನಾನು ತುಬಚಿಯವಳು. ನನ್ನ ತಾಯಿಯ ಮುಖ ನನಗೆ ನೆನಪಿಲ್ಲ. ಹತ್ತೊಂಬತ್ತಕ್ಕೆ ಈ ಮನೆಗೆ ಬಂದಾಗ ರೊಟ್ಟಿ ಬಡಿಯಲೂ ಬರುತ್ತಿರಲಿಲ್ಲ. ಅಂಚು ಒಡೆದ ನನ್ನ ರೊಟ್ಟಿಗಳನ್ನೆಲ್ಲ ಅತ್ತೆ ತಾನೇ ತಿಂದು, ನೆಟ್ಟಗಿನವನ್ನು ಗಂಡಸರಿಗೆ ಬಡಿಸಿದಳು. ಸೋಮವಾರಕ್ಕೊಮ್ಮೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಾತು ಕಡಿಮೆ, ಗದರುವುದೇ ಹೆಚ್ಚು. ನಾನೂ ಅಂಥವಳೇ. ಅವಳ ಮೇಲೆ ನನಗಿದ್ದದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲ, "ಅತ್ತೀ" ಎಂದೇ ಕರೆದುಕೊಂಡು ಬಂದೆ. ಜಮಖಂಡಿಯ ಈ ಐಶ್ವರ್ಯ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದ ದಿನವೇ "ಅವ್ವಾ" ಅಂದಳು. ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರ ಊರು ಕೇಳಿದಷ್ಟು ಸಲೀಸಾಗಿ ಅಂದಳು.

ನಮ್ಮ ಮಗಳು ಪ್ರೀತಿ ಮದುವೆಯಾಗಿ ಬನಹಟ್ಟಿಗೆ ಹೋದ ಮೇಲೆ, ಅತ್ತೆಯ ಪಾಳಿ ಇಲ್ಲದ ತಿಂಗಳು ನನ್ನ ಮನೆ ಬಿಕೋ ಎನ್ನುತ್ತಿತ್ತು. ಆ ತಿಂಗಳುಗಳಲ್ಲೇ ಗೋಡೆಯಾಚೆಯಿಂದ ನಗೆ ಕೇಳತೊಡಗಿತು. ಐಶ್ವರ್ಯಳ ಅಣ್ಣ ಅವಳಿಗೆ ಒಂದು ಲ್ಯಾಬ್ರಡಾರ್ ಮರಿ ತಂದುಕೊಟ್ಟಿದ್ದ. ಬಣ್ಣ ನೋಡಿ ಪೇಡಾ ಎಂದು ಹೆಸರಿಟ್ಟಳು. ಅದು ಹಾಲಿನವನಿಗೂ ಬಾಲ ಅಲ್ಲಾಡಿಸುತ್ತದೆ, ಮೀಟರ್ ನೋಡಲು ಬಂದವನಿಗೂ ಅಲ್ಲಾಡಿಸುತ್ತದೆ. ಕಳ್ಳ ಬಂದರೆ ದೀಪ ಹಿಡಿದು ಟ್ರಂಕು ಎಲ್ಲಿದೆ ಎಂದು ತೋರಿಸುವ ಜಾತಿ. ಅಂಥ ನಾಯಿಗೆ ನನ್ನ ಅತ್ತೆ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ತಿನ್ನಿಸುತ್ತಿದ್ದಳು.

ಶ್ರಾವಣದ ಕೊನೆಯ ಸೋಮವಾರ ಎರಡೂ ಮನೆಯವರು ಮೈದುನನ ಪಡಸಾಲೆಯಲ್ಲಿ ಊಟಕ್ಕೆ ಕೂಡಿದ್ದೆವು. ಅತ್ತೆ ಕೈ ತೊಳೆದು, ಮೊಣಕಾಲು ನೀವಿಕೊಳ್ಳುತ್ತ ಹೇಳಿದಳು:

"ಈ ಕಾಲ ತಗೊಂಡ ತಿಂಗಳಾ ತಿಂಗಳಾ ಹಾಸಿಗಿ ಹಿಂದ ಅಡ್ಡಾಡಾಕ ಆಗೂದಿಲ್ಲ ನನಗ. ದೀಪಾವಳಿ ಪಾಡ್ಯ ಆಗಲಿ, ಆಮ್ಯಾಲೆ ಒಂದ ಮನ್ಯಾಗ ಇರಾಕಿ."

"ಯಾರ ಮನ್ಯಾಗ ಬೇ?" ಎಂದ ಯಲ್ಲಾಲಿಂಗ.

"ಅವತ್ತ ಹೇಳ್ತೇನಿ."

ಪೇಡಾ ಅವಳ ಮೊಣಕಾಲ ಮೇಲೆ ಗದ್ದ ಇಟ್ಟೇ ಇತ್ತು. ಐಶ್ವರ್ಯ ನನ್ನ ಕಡೆ ನೋಡಿ ನಕ್ಕಳು. ಅವಳು ಎಲ್ಲರ ಕಡೆಯೂ ನೋಡಿ ನಗುತ್ತಾಳೆ, ಆದರೆ ಆ ನಗು ನನಗೆ ಮೆಣಸಿನಕಾಯಿಯಂತೆ ಹತ್ತಿತು. ಅಂದೇ ನಿಶ್ಚಯ ಮಾಡಿದೆ. ಒಂದು ನಾಯಿಯಿಂದ ಅತ್ತೆ ಅತ್ತ ವಾಲಿದ್ದರೆ ಮತ್ತೊಂದು ನಾಯಿಯಿಂದ ಇತ್ತ ವಾಲಿಸುತ್ತೇನೆ.

ನನ್ನ ಗಂಡನಿಗೆ ಏನು ಹೇಳಿದರೂ ಮೊದಲು ಮೊಬೈಲಿನಲ್ಲಿ ನೋಡುತ್ತಾನೆ. ಕಬ್ಬಿಗೆ ಯಾವ ಗೊಬ್ಬರ ಎಂಬುದರಿಂದ ಹಿಡಿದು ನನಗೆ ತಲೆನೋವು ಯಾಕೆ ಎಂಬುದರವರೆಗೆ. ನಾಯಿ ತರೋಣ ಅಂದೆ, ಸಂಜೆಗೆ ವಿಡಿಯೋ ಹಿಡಿದುಕೊಂಡು ಬಂದ.

"ನೋಡಿಲ್ಲಿ, ಇಂವ ಏನ ಹೇಳ್ತಾನಂದ್ರ, ನಾಯಿ ತರೂಕಿಂತ ಮೊದಲ ನಿಮ್ಮ ಜೀವನಶೈಲಿ ನೋಡಕೋರಿ ಅಂತ."

"ನಮ್ಮದೇನ್ರಿ ಶೈಲಿ? ನಸಿಕಿನ್ಯಾಗ ಎದ್ದ ಸಗಣಿ ಬಳಿಯೂದು, ಹೊಲಕ್ಕ ಹೋಗೂದು, ಬಂದ ಒಲಿ ಊದೂದು. ಯಾವ ನಾಯಿ ಬರತೈತಿ ಇದಕ್ಕ, ಕೇಳ್ರಿ ಅಂವನ್ನ."

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗುವವನಲ್ಲ, ಅದೇ ನನಗೆ ಸಿಟ್ಟು. "ಎರಡ ಜಾತಿ ಅದಾವು ನಮಗ. ಒಂದು ಲ್ಯಾಬ್. ಮನಿ ನಾಯಿ ಅದು, ಮುದುಕರ ಕೂಡ ಹೊಂದಕೊಂಡ ಬಿದ್ದಿರತೈತಿ. ಬಿಸಲ ಮಾತ್ರ ತಡಿಯೂದಿಲ್ಲ, ತಿಂದ ತಿಂದ ಉಬ್ಬತೈತಿ. ಇನ್ನೊಂದು ನಮ್ಮ ಮುಧೋಳ ನಾಯಿ. ಬಿಸಲ ಅದಕ್ಕ ಲೆಕ್ಕಕ್ಕಿಲ್ಲ, ಆದ್ರ ದಿನಾ ಓಡಾಕ ಬಯಲ ಬೇಕು. ಒಬ್ಬರನ್ನ ಹಚಗೊಂಡ್ರ ಮುಗೀತು, ಉಳದವರು ಮುಟ್ಟಾಕ ಹ್ವಾದ್ರ ಮೈ ಸರಸಕೊತೈತಿ. ಅವ್ವನ ಸಲುವಾಗಿ ಅಂದ್ರ ಲ್ಯಾಬ್ ಛಲೋ."

"ಆಕಿ ಉಟ್ಟಂಥಾ ಸೀರಿನ ನಾ ಉಡಬೇಕೇನ್ರಿ?"

"ಸೀರಿ ಮಾತ ಎಲ್ಲಿ ಬಂತ ಇಲ್ಲಿ?"

ಎಲ್ಲಿಂದ ಬಂತು ಎಂದು ಅವನಿಗೆ ತಿಳಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳದು ಲ್ಯಾಬ್ ಆದರೆ ನನ್ನದು ಅದಾಗಲೇಬಾರದು. ದೂರದೂರದಿಂದ ಜನ ಮುಧೋಳಕ್ಕೆ ಬಂದು ಮರಿ ಒಯ್ಯುತ್ತಾರೆ, ಪಕ್ಕದಲ್ಲೇ ಇರುವ ನಮಗೆ ಹಿತ್ತಲ ಗಿಡ ಮದ್ದಲ್ಲ. ತರುವುದಾದರೆ ಮುಧೋಳ ನಾಯಿಯನ್ನೇ ತರುವುದು ಎಂದು ಹಟ ಹಿಡಿದೆ. ಅತ್ತೆಯ ಮೊಣಕಾಲಿಗೆ ಓಡುವ ನಾಯಿ ಯಾಕೆ ಎಂದು ಗಂಡ ಇನ್ನೊಮ್ಮೆ ಕೇಳಿದ. ನಾನು ಪಾತ್ರೆ ಕುಕ್ಕಿದೆ. ಅವನು ಮೋಟಾರ್‌ಸೈಕಲ್ ಹೊರಗೆ ತೆಗೆದ.

ಮುಧೋಳದ ಆಚೆ ಒಂದು ಹಳ್ಳಿಯಲ್ಲಿ ಅಮಸಿದ್ದಪ್ಪನ ತೋಟ. ಬೀರೇಶ್ವರನ ಭಕ್ತ, ಕುರಿಯೂ ಉಂಟು, ಕಬ್ಬೂ ಉಂಟು. ಕೈಬೆರಳಿಗೆಲ್ಲ ಉಂಗುರ. ನಾಯಿ ತೋರಿಸುವ ಮೊದಲು ನಾಯಿಗಳು ಗೆದ್ದ ಢಾಲು ತೋರಿಸಿದ, ಒಂದೊಂದರ ತಾಯಿ, ಅಜ್ಜಿ, ಮುತ್ತಜ್ಜಿಯ ಹೆಸರು ಹೇಳಿದ. ನಮ್ಮ ಬೀಗರ ಮನೆತನ ಕೂಡ ನಾವು ಅಷ್ಟು ವಿಚಾರಿಸಿರಲಿಲ್ಲ. ಮರಿಗಳಲ್ಲಿ ಒಂದು ಬೂದು ಬಣ್ಣದ್ದು, ಉದ್ದ ಮುಖ, ಬೆನ್ನೆಲುಬು ಎಣಿಸಬಹುದು, ಕಾಲೋ ಕೋಲೋ ತಿಳಿಯದು. ನಮ್ಮನ್ನು ಒಮ್ಮೆ ನೋಡಿ ಮುಖ ತಿರುಗಿಸಿತು. ನನಗೆ ಅದೇ ಹಿಡಿಸಿತು.

ಅಮಸಿದ್ದಪ್ಪ ಅದರ ಹಣೆಗೆ ದೇವರ ಭಂಡಾರದ ಅರಿಸಿನ ಹಚ್ಚಿ ಕೊಟ್ಟ. "ಅಕ್ಕಾರ, ಒಂದ ಮಾತ ನೆನಪ ಇಡ್ರಿ. ನಿಮ್ಮ ಹೊಸ್ತಿಲ ದಾಟಿದ ಮ್ಯಾಲೆ ಮೊದಲ ತುತ್ತ ಯಾರ ಕೈಯಾಗಿಂದ ತಿಂತೈತಿ, ಅವರ್ದ ಆಗತೈತಿ ಇದು. ನಮ್ಮ ಮಂದ್ಯಾಗ ಹಂಗ ನಡಕೊಂಡ ಬಂದೈತಿ. ಯಾರ್ದ ಆಗಬೇಕೋ ಅವರ ತಿನ್ನಸ್ರಿ. ಉಳದವರು ಆಶಾ ಮಾಡಬಾರದು."

ದಾರಿಯುದ್ದಕ್ಕೂ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ನಾನು ಅದನ್ನೇ ವಿಚಾರಿಸಿದೆ. ನಾಯಿ ಮನೆ ಕಾಯುವ ಪ್ರಾಣಿ, ಮನೆ ಬಿಟ್ಟು ಹೋಗುವುದಿಲ್ಲ. ಅದು ಅತ್ತೆಯದಾದರೆ, ಅದರ ಸಲುವಾಗಿ ಅತ್ತೆಯೂ ಈ ಮನೆ ಬಿಟ್ಟು ಹೋಗುವುದಿಲ್ಲ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಆಗ ಅತ್ತೆಯ ಪಾಳಿ ನಮ್ಮಲ್ಲಿತ್ತು. ಹೊಸ್ತಿಲು ದಾಟಿದ್ದೇ ತಡ, ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ಬಟ್ಟಲನ್ನು ಅವಳ ಕೈಗೆ ಕೊಟ್ಟೆ. "ಅತ್ತೀ, ನೀವ ತಿನ್ನಸ್ರಿ."

"ತಂದಾಕಿ ನೀ. ನಾ ಯಾಕ?"

"ತಿನ್ನಸ್ರಿ ಅಂದ್ರ ತಿನ್ನಸ್ರಿ."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತುತ್ತು ಹಿಡಿದಳು, ಮರಿ ಮೂಸಿ ಮೂಸಿ ತಿಂದಿತು. ರಾಜಾ ಎಂದು ಹೆಸರಿಡಬೇಕೆಂದು ನಾನು ಅಂದುಕೊಂಡಿದ್ದೆ. ಅತ್ತೆ ಅದರ ಕಾಲು ಮುಟ್ಟಿ ನೋಡಿ, "ಏನಲೇ ಕಡ್ಡಿ, ಉಪಾಸ ಕೆಡವಿದ್ರೇನ ನಿನ್ನ?" ಅಂದಳು. ಕಡ್ಡಿ ಎಂಬುದೇ ಹೆಸರಾಯಿತು.

ಆ ತಿಂಗಳು ನಾನು ಮೆರೆದೆ. ಕಡ್ಡಿ ಅತ್ತೆಯ ಹೊರಸಿನ ಕೆಳಗೇ ಮಲಗಿತು. ಅವಳು ಎದ್ದರೆ ಎದ್ದಿತು, ಕೂತರೆ ಕೂತಿತು. ಗಂಡ ಹೆದರಿದ್ದಕ್ಕೆ ವಿರುದ್ಧವಾಗಿ, ಅದನ್ನು ಓಡಿಸುವ ನೆಪದಲ್ಲಿ ಅತ್ತೆ ದಿನಾ ಬೆಳಿಗ್ಗೆ ಕಣದ ತನಕ ನಡೆಯತೊಡಗಿದಳು. ಕಣದ ಕಟ್ಟೆಯ ಮೇಲೆ ಅವಳು ಕೂತರೆ ಕಡ್ಡಿ ಕೊಯ್ದ ಹೊಲದಲ್ಲಿ ಒಂದು ಸುತ್ತು ಹೊಡೆದು ಬಂದು ಅವಳ ಪಾದ ಮೂಸಿ ಮತ್ತೆ ಓಡುತ್ತಿತ್ತು. "ನೋಡ ಸಾವಿತ್ರಿ, ನೆಲ ಮುಟ್ಟತೈತೋ ಇಲ್ಲೋ!" ಎಂದು ಅವಳು ನನ್ನ ಹೆಸರು ಹಿಡಿದು ಕೂಗಿದ್ದು ನನಗೆ ಇನ್ನೂ ಕೇಳುತ್ತದೆ. ಮೊಬೈಲ್ ತೆಗೆದು ನಾನೂ ಒಂದು ವಿಡಿಯೋ ಮಾಡಿದೆ. ಅದರಲ್ಲಿ ನನ್ನ ಹೆಬ್ಬೆರಳು, ಸ್ವಲ್ಪ ಆಕಾಶ ಮತ್ತು ನಾಯಿಯ ಬಾಲ ಬಂದಿದ್ದವು. ಪ್ರೀತಿಯೊಬ್ಬಳೇ ಲೈಕ್ ಕೊಟ್ಟಳು. ಕಂಡಿಯಲ್ಲಿ ಬಂದು ನಿಂತ ಐಶ್ವರ್ಯ ಮರಿಯನ್ನು ಮುದ್ದು ಮಾಡಲು ಕೈ ಚಾಚಿದರೆ ಅದು ಮೈ ಸರಿಸಿಕೊಂಡಿತು. ಅವತ್ತು ನನಗೆ ಹೋಳಿಗೆ ಉಂಡಷ್ಟು ತೃಪ್ತಿ.

ಮಹಾಲಯ ಅಮಾವಾಸ್ಯೆ ಕಳೆಯಿತು. ಮರುದಿನ ಯಲ್ಲಾಲಿಂಗ ಬಂದು ಹಾಸಿಗೆ ಸುತ್ತಿ ಹೆಗಲಿಗೇರಿಸಿದ. ಅತ್ತೆ ಕೋಲೂರಿಕೊಂಡು ಕಂಡಿ ದಾಟಿದಳು. ಅವಳ ಹಿಂದೆ ಕಡ್ಡಿಯೂ ದಾಟಿತು, ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಹೋಗಿ ಎತ್ತಿಕೊಂಡು ಬಂದೆ, ಮತ್ತೆ ಹೋಯಿತು. ಹಗ್ಗ ಹಾಕಿ ಕಂಬಕ್ಕೆ ಕಟ್ಟಿದೆ. ಹಾಲು ಇಟ್ಟರೆ ಮುಟ್ಟಲಿಲ್ಲ, ಕಂಡಿಯ ಕಡೆ ಮುಖ ಮಾಡಿ ಕುಂಯ್‌ಗುಟ್ಟತೊಡಗಿತು. ಓಣಿಯ ಶಂಕ್ರೆವ್ವ ಇಣುಕಿ, "ಯಾಕ ಸಾವಿತ್ರೆವ್ವ, ನಾಯಿಗೆ ಉಪಾಸ ಕೆಡವೀಯೇನ?" ಎಂದು ಕೇಳಿ ಹೋದಳು. ಮಧ್ಯಾಹ್ನಕ್ಕೆ ಗೋಡೆಯಾಚೆಯಿಂದ ಅತ್ತೆಯೇ ಗದರಿದಳು: "ಬಿಡ ಅದನ್ನ! ಪಾಪದ ಕೂಸ ಅದು!" ಬಿಟ್ಟೆ. ಬಾಣದಂತೆ ಹೋಯಿತು.

ನನ್ನ ಗಂಡ ಎಲೆ ಅಡಿಕೆ ಅಗಿಯುತ್ತ ಎಲ್ಲವನ್ನೂ ನೋಡಿದ. "ಮನಿ ಹಿಡಿಯೂದು ಬೆಕ್ಕ ಅಲ್ಲೇನು? ನಾಯಿ ಮನಶಾರನ್ನ ಹಿಡಿತೈತಿ. ಬೆಕ್ಕ ತರಬೇಕಾಗಿತ್ತ ನೀ."

ಆ ಮಾತಿಗೆ ಅವನಿಗೆ ಸಂಜೆ ಚಹಾ ಸಿಗಲಿಲ್ಲ.

ಈಗ ಗೋಡೆಯಾಚೆ ಎಲ್ಲವೂ ಇತ್ತು. ಅತ್ತೆ ಅಲ್ಲಿ, ಪೇಡಾ ಅಲ್ಲಿ, ನಾನು ಮಡಿಲಲ್ಲಿ ಇಟ್ಟುಕೊಂಡು ತಂದ ಕಡ್ಡಿಯೂ ಅಲ್ಲಿ. ಐಶ್ವರ್ಯ ಹೊಸ ವಿಡಿಯೋ ಹಾಕಿದಳು: ನಡುವೆ ಅತ್ತೆ, ಎಡಬಲಕ್ಕೆ ನಾಯಿಗಳು, ಕೆಳಗೆ ಹೃದಯದ ಗುರುತುಗಳ ಸಾಲು. ಅವಳ ಗಂಡ ಸಕ್ಕರೆ ಕಾರ್ಖಾನೆಯ ಪಾಳಿಗೆ ಹೋದರೆ ಬರುವುದು ಹೊತ್ತಲ್ಲದ ಹೊತ್ತಿಗೆ, ಪಾಪ ಒಬ್ಬಳೇ ಇರುತ್ತಾಳೆ, ಎಂದು ನನ್ನ ಗಂಡ ಹೇಳಿದ. ಒಬ್ಬಳೇ ಅಂತೆ! ಮೂರು ಜೀವ ಕೂಡಿಸಿಕೊಂಡು ಕೂತವಳು ಒಬ್ಬಳೇ, ಇಲ್ಲಿ ಒಲೆಯ ಮುಂದೆ ಗೋಡೆಯ ಜೊತೆ ಮಾತಾಡುವವಳು ನಾನು ಜಾತ್ರೆಯಲ್ಲಿದ್ದೇನೆ. ನನಗೆ ಅಳು ಬಂತು, ಅಳಲಿಲ್ಲ. ಹಸಿಮೆಣಸಿನಕಾಯಿ ಜಜ್ಜಿದೆ.

ನಾಲ್ಕೆಂಟು ದಿನ ಹೋದ ಮೇಲೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದೆ, ಅಡುಗೆಮನೆಯ ಬಾಗಿಲಲ್ಲಿ ಏನೋ ಧೊಪ್ಪನೆ ಬಿದ್ದಂತಾಯಿತು. ನೋಡಿದರೆ ಪೇಡಾ. ಅದರ ಜಾಗವನ್ನು ಕಡ್ಡಿ ಹಿಡಿದುಬಿಟ್ಟಿತ್ತಲ್ಲ. ಅತ್ತೆಯ ಮೊಣಕಾಲ ಬಳಿ ಬಂದರೆ ಆ ಕಡ್ಡಿಕಾಲಿನದು ಹಲ್ಲು ತೋರಿಸುತ್ತದಂತೆ. ಇಷ್ಟು ದೊಡ್ಡ ನಾಯಿ ಅಷ್ಟು ಸಣ್ಣ ಮರಿಗೆ ಜಾಗ ಬಿಟ್ಟುಕೊಟ್ಟು, ಮುಖ ಸಪ್ಪಗೆ ಮಾಡಿಕೊಂಡು ನನ್ನ ಹೊಸ್ತಿಲಿಗೆ ಬಂದು ಮಲಗಿತ್ತು. ಊದುಗೊಳವೆ ಎತ್ತಿದೆ. ಅದು ಬಾಲವನ್ನು ಒಂದೇ ಸಲ ನೆಲಕ್ಕೆ ಬಡಿದು ನಿಟ್ಟುಸಿರು ಬಿಟ್ಟಿತು. ಅಂಥ ನಿಟ್ಟುಸಿರು ನನಗೂ ಗೊತ್ತು.

"ನಿನಗೂ ಹೊಟ್ಟಿ ಉರೀತೈತೇನಲೇ?" ಅಂದೆ. ಅಂಚು ಒಡೆದ ಒಂದು ರೊಟ್ಟಿ ಎಸೆದೆ. ಎರಡೇ ಬಾಯಿಗೆ ಖಾಲಿ.

ಅಲ್ಲಿಂದ ಮುಂದೆ ಅದು ದಿನಾ ಬಂತು. ನಾನು ಐಶ್ವರ್ಯಳನ್ನು ಬಯ್ಯುವುದನ್ನೆಲ್ಲ ಕಣ್ಣು ಮಿಟುಕಿಸದೆ ಕೇಳಿತು. ಒಂದು ದಿನ ಅವಳೇ ಕಂಡಿಯಲ್ಲಿ ನಿಂತು "ಪೇಡಾ, ಬಾ ಪುಟ್ಟಾ" ಎಂದು ಕರೆದಳು, ಅದು ಕಿವಿ ಆಡಿಸಿ ಅಲ್ಲೇ ಉಳಿಯಿತು. "ಒಯ್ಯ ನಿನ್ನ ನಾಯಿ" ಅಂದೆ ಗಟ್ಟಿಯಾಗಿ, ಸೆರಗಿನ ಮರೆಯಲ್ಲಿ ಇನ್ನೊಂದು ತುಂಡು ರೊಟ್ಟಿ ಕೊಡುತ್ತ.

ದೀಪಾವಳಿ ಅಮಾವಾಸ್ಯೆ ಬಂತು, ಪೂಜೆ ಆಯಿತು. ಮರುದಿನ ಪಾಡ್ಯ, ಅತ್ತೆ ಹೇಳುತ್ತೇನೆ ಎಂದ ದಿನ. ಅಂಗಳದಲ್ಲಿ ಕೂತು ಪಾಡ್ಯದ ಪೂಜೆಗೆ ಸಗಣಿಯಿಂದ ಪಾಂಡವರ ಗೊಂಬೆ ಮಾಡುತ್ತಿದ್ದೆ. ಪೇಡಾ ಪಕ್ಕದಲ್ಲಿತ್ತು. ಅತ್ತೆ ಕಂಡಿಗೆ ಬಂದು ಕೋಲು ಊರಿ ನಿಂತಳು, ಹಿಂದೆ ಕಡ್ಡಿ. ನಾನು ತಲೆ ಎತ್ತಲಿಲ್ಲ.

"ಹೇಳಿ ಬಿಡ್ರಿ ಅತ್ತಿ, ಅಲ್ಲೇ ಇರತೇನಿ ಅಂತ," ಅಂದೆ. "ನಾ ತಂದ ನಾಯಿ ಸೈತ ಅಲ್ಲೇ ಐತಿ."

"ಯಾತಕ್ಕ ತಂದಿ ಅದನ್ನ?"

"ಮನಿ ಕಾಯಾಕ."

"ಸುಳ್ಳ ಹೇಳಬ್ಯಾಡ. ನನ್ನ ಕಟ್ಟಿ ಹಾಕಾಕ ತಂದಿ. ಹಗ್ಗದ ಒಂದ ತುದಿ ನಾಯಿ ಕೊರಳಿಗಿ, ಇನ್ನೊಂದು ನನ್ನ ಕೊರಳಿಗಿ. ಮೊದಲ ತುತ್ತ ಕೈಯಾಗ ಕೊಟ್ಟಾಗ ತಿಳೀಲಿಲ್ಲ ಅಂದಕೊಂಡೀಯೇನ ನನಗ?"

ನನ್ನ ಕೈಯಲ್ಲಿದ್ದ ಭೀಮ ವಾಲಿದ. ಅವನನ್ನು ನೆಟ್ಟಗೆ ಮಾಡುತ್ತ ಕೂತೆ.

"ಆಕಿ ದಿನಾ ಹತ್ತ ಸಲ ಅವ್ವಾ ಬಾ, ಅವ್ವಾ ಬಾ ಅಂತಾಳ," ಎಂದಳು ಅತ್ತೆ. "ಆಕಿ ಎಲ್ಲಾರ್ನೂ ಕರೀತಾಳ ಖರೆ, ಆದ್ರೂ ಕರೀತಾಳ. ನೀ ಒಮ್ಮೆ ಕರದೀಯೇನ? ಅಮಾಸಿ ಬಂತಂತ ಬಂದೇನಿ, ಮಗ ಹಾಸಿಗಿ ಹೊತ್ತಾನಂತ ಬಂದೇನಿ. ಬಾ ಅಂತ ನಿನ್ನ ಬಾಯಿಂದ ಒಂದಿನ ಕೇಳಿಲ್ಲ ನಾ. ಬ್ಯಾಡಾದಾಕಿ ಮನಿಗಿ ಬಂದಂಗ ಬಂದ ಹೋಗೇನಿ."

"ಸೊಸಿ ಕರಿಯೂ ಪದ್ಧತಿ ಇಲ್ಲಲ್ರಿ..."

"ಆ ಪದ್ಧತಿ ಮಾಡಿದಾಕಿ ನಾನ. ನೀವಿಬ್ಬರೂ ಜಗಳ ಆಡಬಾರದು ಅಂತ ಮಾಡಿದ್ದು. ಬಾಯಿ ಹೊಲಕೊಂಡ ಕುಂದರ ಅಂತ ಅಲ್ಲ."

ಅಷ್ಟು ಹೇಳಿ ಬೆನ್ನು ತಿರುಗಿಸಿದಳು. ಮೈದುನನ ಅಂಗಳದಲ್ಲಿ ಅವಳ ಕೋಲಿನ ಸಪ್ಪಳ ದೂರ ಆಗತೊಡಗಿತು. ನಾನು ಎದ್ದೆ. ಕೈ ತುಂಬ ಸಗಣಿ. ಬೇವಿನಂಥ ಮಾತು ಎಷ್ಟೋ ಆಡಿದ್ದೇನೆ, ಇಂಥ ಎರಡು ಮಾತು ಈ ನಾಲಿಗೆಯ ಮೇಲೆ ಎಂದೂ ಬಂದಿರಲಿಲ್ಲ.

"ಯವ್ವಾ," ಅಂದೆ. ದನಿ ಹೊರಡಲಿಲ್ಲ. ಮತ್ತೆ ಗಟ್ಟಿಯಾಗಿ ಕೂಗಿದೆ, ಓಣಿಗೆಲ್ಲ ಕೇಳುವಂತೆ ಕೂಗಿದೆ. "ಯವ್ವಾ! ನಮ್ಮ ಮನಿಗಿ ಬಾ! ನೀ ಇಲ್ಲಂದ್ರ ನನಗ ಊಟ ಸೇರೂದಿಲ್ಲ!"

ಮೊದಲು ಎದ್ದದ್ದು ಪೇಡಾ. ಯಾರು ಯಾರನ್ನು ಕರೆದರೂ ತನ್ನನ್ನೇ ಕರೆದರು ಎಂದುಕೊಳ್ಳುವ ಜಾತಿ, ಬಂದು ನನ್ನ ಕಾಲಿಗೆ ಮೈ ಒರೆಸಿತು. ಆಚೆ ಕಡ್ಡಿ ಕಿವಿ ನಿಮಿರಿಸಿ ಅತ್ತೆಯ ಮುಖ ನೋಡಿತು. ಅತ್ತೆ ನಿಂತಿದ್ದಳು. ಕೋಲೂರಿ ಇತ್ತ ತಿರುಗಿದಳು.

"ಈ ಕಡೀ ಸಲ ಹಾಸಿಗಿ ಹೊರವರ ಯಾರ? ಶಿವಯೋಗಿ ಹೊಲಕ್ಕ ಹೋಗ್ಯಾನ."

"ನಾ ಹೊರತೇನಿ."

ಕೈ ತೊಳೆದುಕೊಂಡು ಕಂಡಿ ದಾಟಿ ಹೋದೆ. ಪಾಲಾದ ಮೇಲೆ ಅತ್ತೆಯ ಹಾಸಿಗೆಗೆ ನಾನು ಕೈ ಹಚ್ಚಿದ್ದು ಅದೇ ಮೊದಲು. ಕೌದಿಗೆ ಅವಳು ಹಚ್ಚುವ ಎಣ್ಣೆಯ ವಾಸನೆ ಇತ್ತು. ಹೆಗಲಿಗೇರಿಸಿಕೊಂಡು ಮುಂದೆ ನಡೆದೆ. ಹಿಂದೆ ಅತ್ತೆಯ ಕೋಲು, ಅದರ ಹಿಂದೆ ಕಡ್ಡಿ. ಅಳು ತಡೆಯಲಾಗಲಿಲ್ಲ, ಹಾಸಿಗೆಯ ಮರೆಯಲ್ಲಿ ಅತ್ತುಬಿಟ್ಟೆ.

"ಅಡ್ಡಾದಿಡ್ಡಿ ಹೋಗಬ್ಯಾಡ, ಪಾಂಡವರನ್ನ ತುಳದೀ," ಎಂದು ಹಿಂದಿನಿಂದ ಗದರಿದಳು.

ಕಂಡಿಯ ಹತ್ತಿರ ತಿರುಗಿ ನೋಡಿದೆ. ಐಶ್ವರ್ಯ ತನ್ನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಅತ್ತೆಗೆಂದು ತಂದ ಚಹಾದ ಬಟ್ಟಲು. ಅವಳು ನಗುತ್ತಿರಲಿಲ್ಲ. ಕಣ್ಣು ನನ್ನ ಹೆಗಲ ಮೇಲಿನ ಹಾಸಿಗೆಯ ಮೇಲೆ ನೆಟ್ಟಿತ್ತು, ತುಟಿ ಬಿಗಿದಿತ್ತು. ಆ ಮುಖ ಯಾರದೆಂದು ಹೊಳೆಯಲು ನನಗೆ ತಡವಾಗಲಿಲ್ಲ. ಈ ತಿಂಗಳೆಲ್ಲ ನನ್ನ ಕನ್ನಡಿಯಲ್ಲಿ ಇದ್ದದ್ದೇ ಅದು.

ಮರುದಿನ ಪೇಡಾನನ್ನು ಹುಡುಕುವ ನೆಪ ಮಾಡಿ ನನ್ನ ಅಡುಗೆಮನೆಗೆ ಬಂದಳು. ಪಡಸಾಲೆಯಲ್ಲಿ ಅತ್ತೆಯ ಪಾದದ ಬಳಿ ಮಲಗಿದ್ದ ಕಡ್ಡಿಯನ್ನು ಬಹಳ ಹೊತ್ತು ನೋಡಿದಳು.

"ಅಕ್ಕಾ, ಆ ಮುಧೋಳದ ಮರಿ ಎಲ್ಲೆ ತಂದ್ರಿ? ಅವರ ನಂಬರ್ ಐತೇನ್ರಿ?"

ನಂಬರ್ ಕೊಟ್ಟೆ. ನಾಯಿ ತಂದರೆ ಅತ್ತೆ ಬರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ.